ನಂಬರ್ ನೋಡಿ ಕಿವಿ ಕೊಯ್ದ ಬೇಸಿಗೆ

ಹೋದ ವಾರ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಹಿರಿಯೂರಿನ ಲ್ಯಾಬೊಂದಕ್ಕೆ ಹೋಗಿದ್ದೆ. ರಕ್ತ ತೆಗೆಯುವ ಹುಡುಗಿ ಹತ್ತಿಗೆ ಸ್ಪಿರಿಟ್ ಅದ್ದಿ ಮೊಣಕೈ ಸಂದಿಯನ್ನು ಒರೆಸಿದಳು. ಆ ತಣ್ಣನೆಯ ವಾಸನೆ ಮೂಗಿಗೆ ಏರಿದ್ದೇ ತಡ, ಸೆರಗನ್ನು ಮೂಗಿಗೆ ಒತ್ತಿಕೊಂಡು ಮುಖ ತಿರುಗಿಸಿದೆ.

"ಸೂಜಿ ಅಂದ್ರೆ ಭಯಾನಾ ಅಜ್ಜಿ?" ಎಂದು ನಕ್ಕಳು.

"ಸೂಜಿಗೆ ಯಾಕೆ ಹೆದರಾನವ್ವ, ಹೆದರಾದಾದ್ರೆ ಮನುಷ್ಯರಿಗೆ ಹೆದರಬೇಕು" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಆಗುವುದೂ ಬೇಡ. ಕೊರೋನಾ ಎರಡನೇ ಸಲ ಬಂದ ಬೇಸಿಗೆಯಲ್ಲಿ ಅವಳಿನ್ನೂ ಶಾಲೆಗೆ ಹೋಗುತ್ತಿದ್ದಿರಬೇಕು. ನನಗೆ ಮಾತ್ರ ಆ ವಾಸನೆ ಬಂದರೆ ಆ ಬೇಸಿಗೆ ಇಡೀ ಬಂದು ಎದುರಿಗೆ ನಿಲ್ಲುತ್ತದೆ.

ಆ ಬೇಸಿಗೆಯಲ್ಲಿ ಕಾಯಿಲೆಯವರು ಹೇಗಿದ್ದಾರೆ ಎಂದು ಕೇಳುವುದನ್ನೇ ಜನ ಬಿಟ್ಟಿದ್ದರು. ನನ್ನ ಸೊಸೆ ರತ್ನ ದುರ್ಗದ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಕಟ್ಟಿಸಿಕೊಂಡು ಮಲಗಿದ್ದಳು. ಫೋನ್ ಮಾಡಿದವರಲ್ಲಿ ಒಬ್ಬರಾದರೂ "ಊಟ ಮಾಡಿದ್ಲಾ, ಮಾತಾಡಿದ್ಲಾ" ಎನ್ನಲಿಲ್ಲ. "ಇವತ್ತು ರಕ್ತದ ನಂಬರ್ ಎಷ್ಟು?" ಅಷ್ಟೇ. ಮಟ್ಕಾ ಆಡುವವರು ಸಂಜೆ ಹೊತ್ತಿಗೆ ಟೀ ಅಂಗಡಿಯಲ್ಲಿ ಕೇಳುತ್ತಾರಲ್ಲ, ಅದೇ ದನಿ. ಥೂ.

ರತ್ನ ಹೊಸದುರ್ಗದ ಕಡೆಯವಳು. ನಮ್ಮೂರು ಧರ್ಮಪುರದ ಹತ್ತಿರ. ಆಂಧ್ರ ಅಲ್ಲಿಂದ ಕೂಗಳತೆ. ಶೇಂಗಾ ಬಿತ್ತುತ್ತೇವೆ, ಕುರಿ ಕಾಯುತ್ತೇವೆ. ನನ್ನ ಮಗ ಮಾಲಿಂಗನಿಗೆ ಅವಳನ್ನು ತಂದುಕೊಂಡಾಗ ತವರಿನವರು ಬಳುವಳಿಯೆಂದು ಹೆಣ್ಣು ಕುರಿಗಳನ್ನು ಕೊಟ್ಟು ಕಳಿಸಿದ್ದರು. ನಮ್ಮ ಕಡೆ ಬಳುವಳಿಯ ಕುರಿ ಹೆಣ್ಣಿನದು, ಅದರ ಮರಿಯೂ ಹೆಣ್ಣಿನದು. ರೊಪ್ಪದೊಳಗೆ ಎಲ್ಲ ಕುರಿ ಒಟ್ಟಿಗೇ ಮಲಗಿದರೂ ಕಿವಿ ನೋಡಿದರೆ ಯಾರದ್ದೆಂದು ತಿಳಿಯುತ್ತದೆ. ನಮ್ಮ ಮನೆಯ ಗುರುತು ಬಲಗಿವಿಯ ತುದಿ ಕತ್ತರಿಸಿದ್ದು. ಅವಳ ತವರಿನದು ಎಡಗಿವಿಯ ಅಂಚಿನಲ್ಲಿ ಒಂದು ಕಚ್ಚು. ಮಕ್ಕಳಾಗದೆ ಹೆಣ್ಣು ಸತ್ತರೆ ಆ ಕುರಿಗಳು ತವರಿಗೆ ವಾಪಸ್ಸು ಹೋಗಬೇಕು. ರತ್ನಳಿಗೆ ಇನ್ನೂ ಮಕ್ಕಳಾಗಿರಲಿಲ್ಲ.

ಅವಳೆಂದರೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾಳೆ, ಒಂದು ಮಾತಿಗೆ ಎರಡು ಮಾತು ಆಡುತ್ತಾಳೆ, ನನಗಿಂತ ಅವಳ ಕುರಿಗಳ ಮೇಲೇ ಅವಳಿಗೆ ಜೀವ. ಈಗಲೂ ಹಾಗೇ ಇದ್ದಾಳೆ. ಪ್ರೀತಿ ಇದ್ದರೆ ಮಾತ್ರ ಮನುಷ್ಯರನ್ನು ಮನುಷ್ಯರಂತೆ ನೋಡಬೇಕು ಎಂದೇನಿಲ್ಲವಲ್ಲ.

ಭರಣಿ ಮಳೆಯ ಹೊತ್ತಿನಲ್ಲಿ ಅವಳಿಗೆ ಜ್ವರ ಬಂತು. ಹೆಸರಿಗೆ ಭರಣಿ, ಒಂದು ಹನಿ ಬೀಳಲಿಲ್ಲ. ಮೊದಲು ಮೈಕೈ ನೋವೆಂದಳು, ಆಮೇಲೆ ಎರಡು ಹೆಜ್ಜೆ ಇಟ್ಟರೆ ಏದುಸಿರು. ಹಿರಿಯೂರಿನಲ್ಲಿ ಬೆರಳಿಗೆ ಕ್ಲಿಪ್ ಹಾಕಿ ನೋಡಿದವರು ನಿಲ್ಲಲೇ ಬೇಡಿ, ದುರ್ಗಕ್ಕೆ ನಡೀರಿ ಎಂದರು. ನಾನೂ ಮಾಲಿಂಗನೂ ಜೊತೆಗೆ ಹೋದೆವು. ಅವಳನ್ನು ಒಳಗೆ ಸೇರಿಸಿಕೊಂಡರು, ನಮ್ಮನ್ನು ಹೊರಗೆ ನಿಲ್ಲಿಸಿದರು.

ಬೇಸಿಗೆಯಲ್ಲಿ ದುರ್ಗವನ್ನು ನೋಡಬೇಕು. ಹಗಲೆಲ್ಲ ಕಾದ ಬಂಡೆ ಸಂಜೆಗೆ ಬಿಸಿ ಉಗುಳುತ್ತದೆ. ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಮಾತ್ರ ತಮ್ಮ ಪಾಡಿಗೆ ತಾವು ತಿರುಗುತ್ತಿರುತ್ತವೆ, ಕೆಳಗೆ ಒಂದು ಎಲೆ ಅಲ್ಲಾಡುವುದಿಲ್ಲ. ಆಸ್ಪತ್ರೆಯ ಕಾಂಪೌಂಡಿನ ಬೇವಿನ ಮರದ ಕೆಳಗೆ ನಮ್ಮಂಥವರೆಲ್ಲ ಚೀಲ ಹಾಸಿಕೊಂಡು ಕೂತಿದ್ದೆವು. ಅನ್ನದ ಡಬ್ಬಿಗೆ ಹೆಸರು ಬರೆದ ಚೀಟಿ ಅಂಟಿಸಿ ಬಾಗಿಲಲ್ಲಿ ಕೊಟ್ಟರೆ ಒಳಗೆ ಒಯ್ಯುತ್ತಿದ್ದರು. ದಿನಾ ಬೆಳಿಗ್ಗೆ ಒಳಗೆ ಎಲ್ಲರ ರಕ್ತ ತೆಗೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದರ ವಿಷಯ ಮನೆಯವರ ಮೊಬೈಲಿಗೆ ಬರುತ್ತಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಆ ಮರದ ಕೆಳಗೆ ಕೂತು ಡಿ-ಡೈಮರ್ ಎನ್ನುವುದನ್ನು ಕಲಿತೆ, ಸಿಆರ್‌ಪಿ ಎನ್ನುವುದನ್ನು ಕಲಿತೆ. ಕಲಿಯಬಾರದ ಇನ್ನೂ ಏನೇನನ್ನೋ ಕಲಿತೆ.

ನನ್ನ ಮೈದುನ ಕೆಂಚಪ್ಪ ಊರಿನಲ್ಲೇ ಇದ್ದ. ನನ್ನ ಗಂಡ ಹೋದ ಮೇಲೆ ಮನೆಯ ಯಜಮಾನಿಕೆ ಅವನದೇ. ಕುರಿಯ ವಿಷಯದಲ್ಲಿ ಅವನ ಮಾತೆಂದರೆ ಸುತ್ತಲ ಊರಿಗೆಲ್ಲ ವೇದ. ಕುರಿ ಮಂಕಾದರೆ ಅದರ ತಲೆಯನ್ನು ಮೊಣಕಾಲ ಸಂದಿಗೆ ಸಿಕ್ಕಿಸಿಕೊಂಡು ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆಯನ್ನು ಮಗುಚಿ ನೋಡುತ್ತಾನೆ. ಒಳಗೆ ಕೆಂಪಗಿದ್ದರೆ ರಕ್ತ ಇದೆ, ಬದುಕುತ್ತದೆ. ಸುಣ್ಣದ ಹಾಗೆ ಬೆಳ್ಳಗಿದ್ದರೆ "ಇದು ಹೋಗೋದು" ಎಂದು ಕೈ ಕೊಡವಿ ಏಳುತ್ತಾನೆ. ಆ ಕುರಿಯನ್ನು ರೊಪ್ಪದ ಮೂಲೆಗೆ ಕಟ್ಟುತ್ತಾರೆ, ಉಸಿರಿರುವಾಗಲೇ ಉಣ್ಣೆ ಕತ್ತರಿಸಿಕೊಳ್ಳುತ್ತಾರೆ, ಮಾಂಸದ ಅಂಗಡಿಯವನಿಗೆ ಹೇಳಿ ಕಳಿಸುತ್ತಾರೆ. ಕೆಂಚಪ್ಪ ಹೇಳಿದ್ದು ಸುಳ್ಳಾದದ್ದೇ ಇಲ್ಲ ಎಂದು ಊರು ಹೊಗಳುತ್ತದೆ. ಹೋಗೋದು ಎಂದ ಕುರಿಗೆ ಆಮೇಲೆ ಯಾರೂ ಒಂದು ಹಿಡಿ ಸೊಪ್ಪು ಹಾಕುವುದಿಲ್ಲ, ನೀರು ತೋರಿಸುವುದಿಲ್ಲ. ಸುಳ್ಳಾಗುವುದಾದರೂ ಹೇಗೆ?

ಕೆಂಚಪ್ಪನ ಅಳಿಯ ಪ್ರಕಾಶ ಹೊಳಲ್ಕೆರೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಮಾಲಿಂಗ ತನ್ನ ಮೊಬೈಲಿಗೆ ಬಂದದ್ದನ್ನೆಲ್ಲ ಅವನಿಗೆ ಕಳಿಸುತ್ತಿದ್ದ. ಒಂದು ಮಧ್ಯಾಹ್ನ ಅವನು ಫೋನ್ ಮಾಡಿದ. ಮಾಲಿಂಗ ನನಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಮಾಲಿಂಗಣ್ಣ, ಡಿ-ಡೈಮರ್ ನೋಡಿದ್ಯಾ? ಎಲ್ಲಿರಬೇಕೋ ಎಲ್ಲೈತೋ! ಉಳಿದವೂ ಅಷ್ಟೇ, ಎಲ್ಲಾ ಮೇಲೇ ಅವೆ."

"ಅಂದ್ರೆ?"

"ಅಂದ್ರೆ ಏನಣ್ಣ, ನನ್ನ ಅಂಗಡಿಗೆ ದಿನಾ ಇಂಥವು ಬತ್ತಾವೆ. ಇಷ್ಟು ಮೇಲೆ ಹೋದವರು ವಾಪಸ್ ಬಂದಿದ್ದು ನಾನಂತೂ ಕಾಣೆ. ಮನಸ್ಸು ಗಟ್ಟಿ ಮಾಡ್ಕಳ್ರಿ."

ಫೋನಿನ ಹಿಂದೆ ಅವನು ಏನೋ ಅಗಿಯುತ್ತಿದ್ದ ಸದ್ದು ಕೇಳುತ್ತಿತ್ತು. ಕಡ್ಲೆಪುರಿಯೋ ಏನೋ. ಒಂದು ಹೆಣ್ಣಿನ ಸಾವನ್ನು ಹೇಳುವಾಗ ಬಾಯಲ್ಲಿರುವುದನ್ನು ನುಂಗಿಯಾದರೂ ಹೇಳಬಾರದೇ? ನನಗೆ ಎಷ್ಟು ಹೇಸಿಗೆಯಾಯಿತೆಂದರೆ ಆ ಮೊಬೈಲನ್ನು ತೊಳೆಯಬೇಕು ಅನ್ನಿಸಿತು.

ಅದಾದ ಮೇಲೆ ಕೆಂಚಪ್ಪನ ಫೋನು. "ಅತ್ತಿಗೆ, ಪ್ರಕಾಶ ಹೇಳಿದ. ಇಬ್ಬಿಬ್ಬರು ಅಲ್ಲಿ ಕುಂತು ಏನ್ ಮಾಡ್ತೀರಿ? ನಿಮಗೂ ಹತ್ಕಂಡೀತು. ಬಂದುಬಿಡ್ರಿ. ಆಗೋದಾದ್ರೆ ಅವರೇ ಫೋನ್ ಮಾಡ್ತಾರೆ."

"ಅವಳಿಗೆ ಅನ್ನ ಯಾರು ಕೊಡ್ತಾರೆ?"

"ಅವಳು ಎಲ್ಲಿ ಉಣ್ತಾಳೆ ಇನ್ನ" ಎಂದ.

ನಾನು ಫೋನು ಕಟ್ ಮಾಡಿದೆ. ಮಾಲಿಂಗ ತಲೆ ಬಗ್ಗಿಸಿ ಕೂತಿದ್ದ. ಅವತ್ತು ಅವನು ಡಬ್ಬಿ ಒಯ್ಯಲೇ ಇಲ್ಲ. ನಾನೇ ಎದ್ದು ಹೋಗಿ ಬಾಗಿಲಲ್ಲಿ ಕೊಟ್ಟು ಬಂದೆ.

ಅದೇ ಬಾಗಿಲಿಗೆ ಮಧ್ಯಾಹ್ನದ ಮೇಲೆ ಡಾಕ್ಟರಮ್ಮ ಒಬ್ಬರು ಬರುತ್ತಿದ್ದರು. ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ಕು. ಕಣ್ಣು ಮಾತ್ರ ಕಾಣುತ್ತಿತ್ತು, ಅದೂ ಆವಿ ಹಿಡಿದ ಗಾಜಿನ ಹಿಂದೆ. ನಾನು ಜನರ ನಡುವೆ ನುಗ್ಗಿ ಮುಂದೆ ಹೋದೆ.

"ಅಮ್ಮಾ, ನಮ್ಮ ರತ್ನಂದು ಆ ನಂಬರ್ ಬಾಳ ಮೇಲೈತಂತೆ. ಸಾಯ್ತಾಳಾ? ನನಗೆ ಸುತ್ತಿ ಬಳಸಿ ಹೇಳಬ್ಯಾಡ್ರಿ."

"ಸಾಯ್ತಾರೆ ಅಂತ ಅದರಲ್ಲಿ ಬರೆದಿರಲ್ಲ ಅಜ್ಜಿ. ಒಳಗೆ ರಕ್ತ ಹೆಪ್ಪುಗಟ್ತಾ ಇರಬಹುದು ಅಂತ ಅದು ಹೇಳುತ್ತೆ. ಅಂಥವರಲ್ಲಿ ಜಾಸ್ತಿ ಜನ ಕಷ್ಟಕ್ಕೆ ಹೋಗ್ತಾರೆ, ಅದು ನಿಜ. ಸುಳ್ಳು ಹೇಳಲ್ಲ ನಿಮಗೆ."

"ಮತ್ತೆ?"

"ಅದಕ್ಕೇ ಅವರನ್ನ ನರ್ಸ್ ಕೂರೋ ಜಾಗದ ಪಕ್ಕದ ಮಂಚಕ್ಕೆ ತಂದಿದೀವಿ. ಹೆಪ್ಪು ಕಟ್ಟದ ಹಾಗೆ ಹೊಟ್ಟೆಗೆ ಸೂಜಿ ಕೊಡ್ತಿದೀವಿ, ಬೋರಲು ಮಲಗಿಸ್ತಿದೀವಿ. ನಂಬರ್ ಯಾರದ್ದು ಜಾಸ್ತಿನೋ ಅವರ ಹತ್ರ ಜಾಸ್ತಿ ಸಲ ಹೋಗಬೇಕು ಅಂತ ತಾನೇ ಆ ಟೆಸ್ಟು ಇರೋದು."

ನಾನು ಬೇವಿನ ಮರದ ಕೆಳಗೆ ವಾಪಸ್ಸು ಬಂದು ಕೂತೆ. ನಂಬರ್ ಒಂದೇ. ಈಕೆ ಅದನ್ನು ನೋಡಿ ಮಂಚವನ್ನು ಹತ್ತಿರಕ್ಕೆ ಎಳೆದುಕೊಂಡರು. ನಮ್ಮವರು ಅದೇ ನಂಬರ್ ನೋಡಿ ಅನ್ನ ಬೇಡ ಅಂದರು.

ನಮ್ಮ ಪಕ್ಕದಲ್ಲೇ ಹೊಳಲ್ಕೆರೆ ಕಡೆಯ ಗೌರಮ್ಮ ಎಂಬಾಕೆ ಕೂತಿರುತ್ತಿದ್ದಳು. ಅವಳ ಗಂಡನ ನಂಬರ್ ದಿನದಿನಕ್ಕೆ ಇಳಿಯುತ್ತಿತ್ತು. ಅವಳು ಹಣೆಗೆ ಕುಂಕುಮ ಇಟ್ಟುಕೊಂಡು ಎಲ್ಲರಿಗೂ ಬೆಲ್ಲ ಹಂಚಿದ್ದಳು, ನಂಟರಿಗೆಲ್ಲ ಫೋನಿನಲ್ಲಿ ಹೇಳಿದ್ದಳು. ಒಂದು ಬೆಳಿಗ್ಗೆ ಆತ ಎದ್ದು ಕೂತು ಇಡ್ಲಿ ತಿನ್ನುತ್ತಿದ್ದವನು ಹಾಗೇ ಒರಗಿದನಂತೆ. ಎದೆ ನಿಂತಿತು. ಗೌರಮ್ಮ ಕೂಗಿಕೊಂಡ ಮಾತು ಇನ್ನೂ ಕಿವಿಯಲ್ಲಿದೆ: "ಇಳಿದಿತ್ತಲ್ರೀ, ಇಳಿದಿತ್ತಲ್ಲ!" ಯಾರಿಗೆ ಹೇಳುತ್ತಿದ್ದಳೋ. ಸುತ್ತ ಕೂತವರಲ್ಲಿ ಒಬ್ಬ ಪಕ್ಕದವನನ್ನು ಪಿಸುಗುಟ್ಟಿ ಕೇಳಿದ, "ಕಡೇ ನಂಬರ್ ಎಷ್ಟಿತ್ತಂತೆ?" ಅವನ ಮೂತಿಗೆ ಉಗಿಯಬೇಕೆನ್ನಿಸಿತು. ಮಾಸ್ಕ್ ಇತ್ತು, ಉಗಿಯಲಿಲ್ಲ.

ರಾಗಿ ಹಿಟ್ಟು ಮುಗಿದಿತ್ತು, ಉಟ್ಟ ಸೀರೆ ನಾರುತ್ತಿತ್ತು. ಬಸ್ಸುಗಳೆಲ್ಲ ನಿಂತಿದ್ದವು. ತರಕಾರಿ ಇಳಿಸಿ ಖಾಲಿ ಹೋಗುತ್ತಿದ್ದ ಗಾಡಿಯೊಂದರಲ್ಲಿ ಹತ್ತಿಕೊಂಡು ಊರಿಗೆ ಬಂದೆ. ರೊಪ್ಪದ ಕಡೆಯಿಂದ ಕುರಿಗಳ ಅರಚಾಟ ಕೇಳುತ್ತಿತ್ತು. ಉಣ್ಣೆ ಕತ್ತರಿಸುವಾಗ ಕುರಿ ಹಾಗೆ ಅರಚುವುದಿಲ್ಲ. ಹೋಗಿ ನೋಡಿದೆ.

ಕೆಂಚಪ್ಪ ಬೇಲಿಯ ಪಕ್ಕ ಕೂತು ಒಂದು ಹೆಣ್ಣು ಕುರಿಯನ್ನು ಮೊಣಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡಿದ್ದ. ಕೈಯಲ್ಲಿ ಚೂರಿ. ಕುರಿಯ ಎಡಗಿವಿಯಲ್ಲಿ ಹಳೆಯ ಕಚ್ಚು ಹಾಗೇ ಇತ್ತು. ಬಲಗಿವಿಯ ತುದಿ ನೆಲದ ಮೇಲೆ ಬಿದ್ದಿತ್ತು. ಅಂಥ ತುದಿಗಳು ಅಲ್ಲಿ ಇನ್ನೂ ಬಿದ್ದಿದ್ದವು; ಇರುವೆ ಮುತ್ತಿದ್ದವು. ರಕ್ತದ ಕೈಯನ್ನು ಕುರಿಯ ಬೆನ್ನಿಗೇ ಒರೆಸಿಕೊಂಡು ನನ್ನ ಕಡೆ ನೋಡಿದ.

"ಏನ್ಲೇ ಮಾಡ್ತಿದೀಯ ಕೆಂಚ?"

"ಅತ್ತಿಗೆ, ನೀನು ಅಲ್ಲೇ ದೂರ ನಿಂತ್ಕ. ಆಸ್ಪತ್ರೆಯಿಂದ ಬಂದಿದೀಯ."

"ರತ್ನನ ಕುರಿ ಅವು."

"ಅದಕ್ಕೇ. ನಾಳೆ ಅವಳ ಅಣ್ಣ ಹೊಸದುರ್ಗದಿಂದ ಗಾಡಿ ತಂದು ನಿಲ್ಲಿಸ್ತಾನೆ. ಇಷ್ಟು ವರ್ಷ ಮೇಯಿಸಿದ್ದು ನಾವು. ಸತ್ತ ಮ್ಯಾಲೆ ಗುರುತು ಹಾಕಿದ್ರೆ ಕಳ್ಳತನ ಅಂತಾರೆ. ಈಗಲೇ ಹಾಕಿದ್ರೆ ಅವಳೇ ಒಪ್ಪಿದ್ಲು ಅಂತ ಆಗ್ತೈತೆ."

"ಅವಳಿನ್ನೂ ಉಸಿರಾಡ್ತಾಳೆ ಕಣೋ."

"ಪೈಪಿನಾಗೆ" ಎಂದ.

ಅವನ ದನಿಯಲ್ಲಿ ಕೆಟ್ಟತನವಿದ್ದಿದ್ದರೂ ತಡೆದುಕೊಳ್ಳಬಹುದಿತ್ತು. ಇರಲಿಲ್ಲ. ರೆಪ್ಪೆ ಮಗುಚಿ ನೋಡಿ ಎದ್ದವನ ದನಿ ಅದು. ಗಾಯಕ್ಕೆ ಅರಿಶಿನ ಮೆತ್ತಿ, "ಹೋಗು" ಎಂದು ಆ ಕುರಿಯ ಅಂಡಿಗೆ ತಟ್ಟಿ ಇನ್ನೊಂದನ್ನು ಎಳೆದುಕೊಂಡ.

"ಮಾಲಿಂಗನಿಗೆ ಗೊತ್ತೇನೋ ಇದು?"

"ಕೇಳೇ ಮಾಡಿದೀನಿ. ಹೂಂ ಅಂದ."

ನಾನು ಅವನ ಕೈಯಿಂದ ಆ ಕುರಿಯನ್ನು ಬಿಡಿಸಲು ಹೋದೆ. ಅವನು ಚೂರಿ ಕೆಳಗಿಟ್ಟು ಎದ್ದು ಹಿಂದೆ ಸರಿದ. ನನ್ನ ಕೈ ತಾಗಿದರೆ ಕೊರೋನಾ ಬರುತ್ತದಲ್ಲ, ಅದಕ್ಕೆ. ಆ ಒಂದು ಕುರಿ ಉಳಿಯಿತು. ಉಳಿದವುಗಳ ಕಿವಿ ಆಗಲೇ ಹೋಗಿತ್ತು.

ರಾಗಿ ಹಿಟ್ಟು ಕಟ್ಟಿಕೊಳ್ಳುತ್ತಿದ್ದಾಗ ರತ್ನಳ ಅಣ್ಣ ತಿಪ್ಪೇಶ ಫೋನ್ ಮಾಡಿದ. ಇವನಾದರೂ ತಂಗಿಯನ್ನು ಕೇಳುತ್ತಾನೆ ಎಂದುಕೊಂಡೆ. "ಅತ್ತೆ, ನಂಬರ್ ವಿಷಯ ಕೇಳಿದೆ. ಬಾಳ ಬ್ಯಾಸರ ಆತು. ಅಂದಂಗೆ ನಮ್ಮ ಕುರಿ ಎಷ್ಟಾಗ್ಯಾವೆ ಈಗ, ಮರಿ ಸೇರಿ?" ಎಂದ. ಕೆಂಚಪ್ಪ ಹೆದರಿದ್ದರಲ್ಲಿ ತಪ್ಪಿಲ್ಲ ಎಂದು ಆಗ ತಿಳಿಯಿತು. ಎರಡೂ ಕಡೆಯವರು ಒಂದೇ ಹೆಣದ ಮೇಲೆ ಕಣ್ಣಿಟ್ಟಿದ್ದರು. ಹೆಣ ಮಾತ್ರ ಇನ್ನೂ ಆಗಿರಲಿಲ್ಲ. "ನಿನ್ನ ತಂಗಿ ಬಂದು ಎಣಿಸಿ ಹೇಳ್ತಾಳೆ, ತಡಿ" ಎಂದು ಇಟ್ಟೆ.

ದುರ್ಗಕ್ಕೆ ಬಂದವಳೇ ಮಾಲಿಂಗನನ್ನು ಕೇಳಿದೆ, "ಕಿವಿ ಕೊಯ್ಯಾಕೆ ಹೂಂ ಅಂದ್ಯೇನೋ?"

"ಹೂಂ ಅನ್ನಲಿಲ್ಲ ಅವ್ವ. ಬ್ಯಾಡ ಅನ್ನಲಿಲ್ಲ, ಅಷ್ಟೇ."

"ಯಾಕನ್ನಲಿಲ್ಲ?"

"ಚಿಕ್ಕಪ್ಪ ಹೇಳಿದ್ದು ಎಂದಾದ್ರೂ ಸುಳ್ಳಾಗೈತಾ?"

ಹೆತ್ತ ಹೊಟ್ಟೆಗೇ ಅಸಹ್ಯವಾಯಿತು. ಹೊಡೆಯುವ ವಯಸ್ಸು ಅವನಿಗೂ ದಾಟಿತ್ತು, ನನಗೂ ದಾಟಿತ್ತು. ಸಾಯುತ್ತಾಳೆಂದು ಅವನು ಒಳಗೊಳಗೇ ಅತ್ತಿದ್ದ, ಅದು ನನಗೆ ಗೊತ್ತು. ಅಳುವವನಿಗೆ ಬೇಡ ಎನ್ನುವ ಒಂದು ಮಾತು ಬಾಯಿಂದ ಹೊರಡದಿದ್ದರೆ ಆ ಅಳುವಿನಿಂದ ಯಾರಿಗೆ ಏನಾಗಬೇಕು?

ಮಾರನೆಯ ದಿನ ಒಳಗಿನ ಆಯಾ ಒಬ್ಬಳು ತನ್ನ ಮೊಬೈಲಿನಿಂದ ಮಾಲಿಂಗನಿಗೆ ವಿಡಿಯೋ ಕಾಲ್ ಮಾಡಿ ರತ್ನಳ ಮುಖ ತೋರಿಸಿದಳು. ಮುಖಕ್ಕೆಲ್ಲ ಮಾಸ್ಕು, ಕೂದಲು ಹಗ್ಗದ ಹಾಗೆ ಅಂಟಿಕೊಂಡಿತ್ತು. ಕೈ ಎತ್ತಿ ಮಾಸ್ಕನ್ನು ಸ್ವಲ್ಪ ಸರಿಸಿದಳು. ಆಯಾ ಬೈದಳು. ಅಷ್ಟರಲ್ಲೇ ರತ್ನ ಕೇಳಿದಳು.

"ಅತ್ತೆ, ಕೆಂದಿ ಈದ್ಲಾ?"

ಕೆಂದಿ ಎಂದರೆ ಅವಳ ಕೆಂಪು ಕುರಿ. ಗಬ್ಬವಾಗಿತ್ತು. ಸಾವಿನ ಬಾಗಿಲಲ್ಲಿ ಮಲಗಿ ಇವಳು ಕುರಿಯ ಬಾಣಂತನ ಕೇಳುತ್ತಿದ್ದಾಳೆ.

"ಈದೈತೆ. ಹೆಣ್ಣು ಮರಿ. ತಾಯಿ ಹಂಗೇ ಕೆಂಪಗೈತೆ. ಮಾಸ್ಕ್ ಹಾಕ್ಕಂಡು ಬೋರಲು ಮಲಗು, ಬಾಯಿ ಮುಚ್ಚಿ" ಎಂದೆ. ಈದದ್ದು ನಿಜ; ನಾನೇ ನೋಡಿ ಬಂದಿದ್ದೆ. ಕೆಂದಿಯ ಬಲಗಿವಿಯ ವಿಷಯ ಹೇಳಲಿಲ್ಲ.

ಆಮೇಲೆ ನಂಬರ್ ಏರಲಿಲ್ಲ. ಇಳಿಯಲೂ ಇಲ್ಲ. ಹಾಗೇ ನಿಂತಿತು. ಡಾಕ್ಟರಮ್ಮ ನನ್ನನ್ನು ಕಂಡರೆ ಕೈಯನ್ನು ನೆಲಕ್ಕೆ ಸಮವಾಗಿ ಹಿಡಿದು ತೋರಿಸುತ್ತಿದ್ದರು. ಕೃತ್ತಿಕೆ ಮುಗಿದು ರೋಹಿಣಿ ಬಂತು. ಚಂದ್ರವಳ್ಳಿಯ ಕಡೆಯಿಂದ ಮೋಡ ಎದ್ದು ನಾಲ್ಕು ಹನಿ ಉದುರಿತು, ಮರದ ಕೆಳಗಿನ ಧೂಳು ಅಡಗಿತು. ಆ ಕೈ ಒಂದು ದಿನ ಕೆಳಗೆ ಬಾಗಿತು. ಊರಿಗೆ ಫೋನ್ ಮಾಡಿ ಹೇಳಿದೆ. "ಮಿಷನ್ ಏನಾರ ಕೆಟ್ಟೈತೇನೋ, ಇನ್ನೊಂದ್ಸಲ ಮಾಡಿಸ್ರಿ" ಎಂದ ಕೆಂಚಪ್ಪ. ಬದುಕುವುದಕ್ಕೂ ಅವಳು ಅವನಿಂದ ರುಜು ಪಡೆಯಬೇಕಿತ್ತು.

ಮೃಗಶಿರ ಮಳೆಗೆ ನಮ್ಮ ಕಡೆ ಶೇಂಗಾ ಬಿತ್ತನೆಗೆ ಹೊಲ ಹಸನು ಮಾಡುತ್ತಾರೆ. ಆ ಹೊತ್ತಿಗೆ ರತ್ನಳನ್ನು ಮನೆಗೆ ಕರೆತಂದೆವು. ಎಲುಬಿಗೆ ಸೀರೆ ಸುತ್ತಿದ ಹಾಗಿದ್ದಳು. ಬಾಗಿಲಿಗೆ ಬಂದ ಕೆಂಚಪ್ಪ, "ಬಾರವ್ವ, ದೇವರು ದೊಡ್ಡೋನು" ಎಂದ. ಅದೇ ಬಾಯಿ. ನಾನು ಅಲ್ಲಿ ನಿಲ್ಲದೆ ಹಿತ್ತಿಲಿಗೆ ಹೋದೆ.

ಒಂದೆರಡು ದಿನ ಅವಳು ಹಾಸಿಗೆಯಿಂದ ಏಳಲಿಲ್ಲ. ಎದ್ದ ದಿನ ಬೆಳಿಗ್ಗೆ ಗೋಡೆ ಹಿಡಿದುಕೊಂಡು, ಆಮೇಲೆ ಬೇಲಿ ಹಿಡಿದುಕೊಂಡು ರೊಪ್ಪಕ್ಕೆ ಹೋದಳು. ನಾನು ಹಿಂದೆಯೇ ಹೋದೆ. ಅವಳು ಕರೆದರೆ ಆ ಕುರಿಗಳು ಬರುತ್ತವೆ, ಬಂದವು. ಕೆಂದಿಯ ತಲೆ ಸವರಿದ ಕೈ ಬಲಗಿವಿಯ ಹತ್ತಿರ ನಿಂತಿತು. ಇನ್ನೊಂದನ್ನು ನೋಡಿದಳು. ಮತ್ತೊಂದನ್ನು. ಒಂದರ ಗಾಯಕ್ಕೆ ಹುಳು ಬಿದ್ದಿತ್ತು. ಅದನ್ನು ಬೆರಳಲ್ಲಿ ತೆಗೆದು ನೆಲಕ್ಕೆ ಒರೆಸಿದಳು.

ಕೆಂಚಪ್ಪ, ಮಾಲಿಂಗ ಇಬ್ಬರೂ ಅಲ್ಲೇ ಮೇವು ಹಾಕುತ್ತಿದ್ದರು.

"ಯಾವಾಗ ಕೊಯ್ದಿದ್ದು?" ಎಂದಳು. ಯಾರು ಎಂದು ಕೇಳಲಿಲ್ಲ.

ಕೆಂಚಪ್ಪ ಕೈಯಲ್ಲಿದ್ದ ಮೇವನ್ನು ಕೆಳಗೆ ಹಾಕಿದ. "ನಿನ್ನ ನಂಬರ್ ಹಂಗಿತ್ತಲ್ಲವ್ವ. ಪ್ರಕಾಶ ಹೇಳಿದ, ಎಲ್ಲರೂ ಹೇಳಿದ್ರು. ಏನೋ ಮನೆ ಸ್ವತ್ತು ಮನೇಲಿ..."

ಅವಳು ಅಳಲಿಲ್ಲ. ಮಾಲಿಂಗನ ಕಡೆ ನೋಡಿದಳು. ಅವನು ಮೇವಿನ ಕಟ್ಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಟ್ಟ. ಅವಳಿಗೆ ಅಷ್ಟು ಸಾಕಾಯಿತು.

"ಮಾವ, ಆ ಚೂರಿ ಕೊಡ್ರಿ."

"ಯಾಕೆ?"

"ಈ ಬ್ಯಾಸಗೇಲಿ ಹುಟ್ಟಿದ ಮರಿಗಳಿಗೆ ಇನ್ನೂ ಗುರುತು ಹಾಕಿಲ್ಲ. ನಾನು ಹಾಕ್ತೀನಿ."

ಕೆಂಚಪ್ಪನಿಗೆ ಆಗ ದನಿ ವಾಪಸ್ಸು ಬಂತು. "ಏಯ್, ಹೆಣ್ಣು ಹೆಂಗಸು ಕಿವಿ ಕೊಯ್ಯಂಗಿಲ್ಲ. ಹಿಂದಿಲ್ಲ ಮುಂದಿಲ್ಲ. ಕಟ್ಟಳೆ ಐತೆ ಅದಕ್ಕೆ."

"ಲೇ ಕೆಂಚ" ಎಂದೆ ನಾನು, "ಸತ್ತೋಳು ಅಂತ ನೀನೇ ತಾನೇ ಎಣಿಸಿದ್ದು? ಸತ್ತೋಳಿಗೆ ಯಾವ ಕಟ್ಟಳೆಯೋ? ಚೂರಿ ಕೊಡು."

ಅವನು ಕೊಡಲಿಲ್ಲ. ನೆಲದ ಮೇಲೆ ಹಾಕಿ ಹೊರಗೆ ನಡೆದ. ನಾನು ಎತ್ತಿ ಸೆರಗಿಗೆ ಒರೆಸಿ ಅವಳ ಕೈಗಿಟ್ಟೆ. ಅವಳು ಕಲ್ಲಿನ ಮೇಲೆ ಕೂತಳು. ಮಾಲಿಂಗ ಕೆಂದಿಯ ಮರಿಯನ್ನು ಎತ್ತಿಕೊಂಡು ಹತ್ತಿರ ಬಂದ.

"ನೀನು ಬ್ಯಾಡ. ಅತ್ತೆ ಹಿಡೀಲಿ" ಎಂದಳು.

ಅವನು ಮರಿಯನ್ನು ನನ್ನ ಕೈಗೆ ಕೊಟ್ಟು ಅಲ್ಲೇ ನಿಂತ. ನಾನು ಕುಕ್ಕರುಗಾಲಲ್ಲಿ ಕೂತು ತಲೆ ಅಲ್ಲಾಡದಂತೆ ಅಮುಕಿ ಹಿಡಿದೆ. ಅವಳು ಚೂರಿ ಹಿಡಿದು ಬಗ್ಗಿದಳು. ಎಡಗಿವಿಯನ್ನು ಬಿಟ್ಟಳು, ಅದು ತವರಿನದು. ಬಲಗಿವಿಯ ತುದಿಯನ್ನೂ ಬಿಟ್ಟಳು, ಅದು ನಮ್ಮದು. ಬಲಗಿವಿಯ ಬುಡದ ಹತ್ತಿರ, ಯಾರೂ ಹಾಕದ ಜಾಗದಲ್ಲಿ, ಸೊಟ್ಟಗೆ ಒಂದು ಸೀಳು ಹಾಕಿದಳು. ಮರಿ ಅರಚಿ, ಒದ್ದಾಡಿ, ನನ್ನ ಮಡಿಲ ತುಂಬ ಉಚ್ಚೆ ಹೊಯ್ದಿತು.

ಅವಳು ಗಾಯಕ್ಕೆ ಅರಿಶಿನ ಒತ್ತಿ, ಏದುಸಿರು ಇಳಿಯುವವರೆಗೆ ಕಾದು, "ಇನ್ನೊಂದು ತರ್ರಿ ಅತ್ತೆ" ಎಂದಳು.